ಕೊಟ್ಟಿಗೆ ಸೊಳ್ಳೆ ಹೋಯಿತು, ತೊಟ್ಟಿ ಸೊಳ್ಳೆ ಬಂತು

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ರೇಷ್ಮೆ ಮಾಡುತ್ತೇವೆ, ಎರಡು ಸೀಮೆ ಹಸು ಇವೆ. ನಾನು ಚಿಕ್ಕವನಿದ್ದಾಗ ಮಣ್ಣಿನ ಮಾಳಿಗೆ ಮನೆ, ದನ ಒಳಗೇ ಕಟ್ಟುತ್ತಿದ್ದರು. ಆಗ ಸೊಳ್ಳೆ ಬರುತ್ತಿದ್ದದ್ದು ರಾತ್ರಿ ಮಾತ್ರ. ಚಳಿಜ್ವರ ಬಂದರೆ ಮಲೇರಿಯಾ ಅನ್ನುತ್ತಿದ್ದರು. ಈಗ ಆರ್‌ಸಿಸಿ ಮನೆ, ಟೈಲ್ಸ್, ಮನೆಗೊಂದು ಶೌಚಾಲಯ, ದನಕ್ಕೆ ಹೊರಗಡೆ ಶೆಡ್. ಆದರೂ ಹಗಲೇ ಸೊಳ್ಳೆ ಕಚ್ಚುತ್ತದೆ. ಹೋದ ವರ್ಷ ಮನೆಯಲ್ಲಿ ಇಬ್ಬರಿಗೆ ಡೆಂಗಿ ಆಯ್ತು. ಸೊಳ್ಳೆಗಳೇ ಬದಲಾಗಿವೆಯಾ? ಹುಳು ಮನೆ ಇರುವುದರಿಂದ ನಾವು ಔಷಧಿ ಹೊಡೆಯುವ ಹಾಗಿಲ್ಲ. ಏನು ಮಾಡೋದು? ದನಕ್ಕೆ ನೀರಿಡುವ, ಅಜ್ಜಿ ಕಾಲದ ಒಂದು ಕಲ್ಲು ಬಾನಿ ಇದೆ. ಅದನ್ನು ಒಡೆದು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಬೇಕಾ?

ಉತ್ತರ: ನಿಮ್ಮ ಅಜ್ಜಿಯನ್ನು ಕಚ್ಚುತ್ತಿದ್ದ ಸೊಳ್ಳೆಯೇ ಬೇರೆ, ಈಗ ನಿಮ್ಮ ಮಕ್ಕಳನ್ನು ಕಚ್ಚುತ್ತಿರುವುದೇ ಬೇರೆ. ನೀವು ಮನೆ ಬದಲಾಯಿಸಿದಿರಿ, ನೀರು ಇಡುವ ಜಾಗ ಬದಲಾಯಿಸಿದಿರಿ. ಹಳೆಯ ಬಾಡಿಗೆದಾರ ಖಾಲಿ ಮಾಡಿದ, ಹೊಸಬ ಬಂದ. ಅಷ್ಟೇ ನಡೆದಿರುವುದು.

ಹಳಬನ ಕಥೆ ಮೊದಲು ಹೇಳುತ್ತೇನೆ. ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೊಳ್ಳೆ ಹಿಡಿಯುವುದೇ ನನ್ನ ಡ್ಯೂಟಿ. ಒಂದು ಗಾಜಿನ ಕೊಳವೆ, ಅದಕ್ಕೆ ರಬ್ಬರ್ ಟ್ಯೂಬು, ಕೈಯಲ್ಲಿ ಟಾರ್ಚು. ಬೆಳಗಿನ ಜಾವ ಕೊಟ್ಟಿಗೆಗೆ ನುಗ್ಗುವುದು, ಗೋಡೆ ಮೇಲೆ ಕೂತ ಸೊಳ್ಳೆಯನ್ನು ಬಾಯಲ್ಲಿ ಉಸಿರೆಳೆದು ಕೊಳವೆಯೊಳಗೆ ಸೇರಿಸುವುದು. ನಡುವೆ ಬಲೆ ಇರುತ್ತದೆ, ಬಾಯಿಗೆ ಬರಲ್ಲ. ಆದರೂ ಮನೆಯವರು ‘ಸಾರ್ ಸೊಳ್ಳೆ ತಿಂತಾರೆ’ ಅಂತ ಮಕ್ಕಳನ್ನು ಕರೆದು ತೋರಿಸುತ್ತಿದ್ದರು. ಗಡಿ ಕಡೆಯ ತೆಲುಗು ಮಾತಾಡುವ ಊರುಗಳಲ್ಲಿ ನನಗೆ ‘ದೋಮಲ ಸಾರು’, ಅಂದರೆ ಸೊಳ್ಳೆ ಸಾರ್, ಅಂತಲೇ ಹೆಸರು ಬಿದ್ದಿತ್ತು.

ಆ ಗೋಡೆಗಳ ಮೇಲೆ ಸಿಗುತ್ತಿದ್ದದ್ದು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನುವ ಸೊಳ್ಳೆ. ನಮ್ಮ ಹಳ್ಳಿಗಳಲ್ಲಿ ಮಲೇರಿಯಾ ಹರಡುತ್ತಿದ್ದದ್ದು ಮುಖ್ಯವಾಗಿ ಅದೇ. ತಲೆ ಕೆಳಗೆ, ಹಿಂಭಾಗ ಮೇಲೆ ಎತ್ತಿ, ಗೋಡೆಗೆ ಮುಳ್ಳು ಚುಚ್ಚಿದ ಹಾಗೆ ಕೂರುತ್ತದೆ. ಅದಕ್ಕೆ ಮನುಷ್ಯರಿಗಿಂತ ದನದ ರಕ್ತವೇ ಜಾಸ್ತಿ ಇಷ್ಟ. ಆದರೆ ದನ ಮತ್ತು ಮನುಷ್ಯ ಒಂದೇ ಸೂರಿನಡಿ ಮಲಗಿದರೆ ಕೊಟ್ಟಿಗೆಯಿಂದ ಪಡಸಾಲೆಗೆ ಎಷ್ಟು ದೂರ? ದನ ಕಚ್ಚಲು ಬಂದದ್ದು ಹಾದಿಯಲ್ಲಿ ಮಲಗಿದವರನ್ನೂ ಕಚ್ಚುತ್ತಿತ್ತು. ಅದು ಮೊಟ್ಟೆ ಇಡುತ್ತಿದ್ದದ್ದು ಮನೆಯೊಳಗಲ್ಲ, ಹೊಲದ ಬಾವಿಯಲ್ಲಿ, ಕಾಲುವೆಯಲ್ಲಿ, ಗದ್ದೆಯ ನಿಂತ ನೀರಿನಲ್ಲಿ.

ಔಷಧಿ ಹೊಡೆಯುವ ಹಾಗಿಲ್ಲ ಅಂದಿರಲ್ಲ, ಆ ತಕರಾರು ಆಗಲೂ ಇತ್ತು. ಡಿಡಿಟಿ ಹೊಡೆಯುವವರು ಊರಿಗೆ ಬಂದರೆ ರೇಷ್ಮೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾಕೆ ಹಾಕಿಕೊಳ್ಳಬಾರದು? ಸೊಳ್ಳೆಯೂ ಕೀಟ, ರೇಷ್ಮೆ ಹುಳವೂ ಕೀಟ, ಔಷಧಿಗೆ ಭೇದ ಗೊತ್ತಾ? ಹಾಗಾಗಿ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಮುತ್ತ ಮಲೇರಿಯಾ ಸಂಶೋಧಕರು ಬೇರೆ ದಾರಿ ಹಿಡಿದರು. ಬಾವಿಗಳಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟರು. ಆ ಸೊಳ್ಳೆಯಲ್ಲೇ ಒಳತಳಿಗಳಿವೆ, ನೋಡಲು ಎಲ್ಲಾ ಒಂದೇ ಥರ. ಅದರಲ್ಲಿ ಮಲೇರಿಯಾ ಹರಡುವ ತಳಿ ಜಾಸ್ತಿ ಹುಟ್ಟುತ್ತಿದ್ದದ್ದು ಬಾವಿಯಲ್ಲೇ ಅಂತ ಗೊತ್ತಾಯಿತು. ಮೀನು ಸರಿಯಾದ ಜಾಗಕ್ಕೇ ಬಿದ್ದಿತ್ತು. ಮಲೇರಿಯಾ ಇಳಿಯಿತು. ತುಮಕೂರು ಜಿಲ್ಲೆಯಲ್ಲಿ ಇದನ್ನೇ ಹೇಳಲು 2001ರ ಡಿಸೆಂಬರ್‌ನಲ್ಲಿ ಕಲಾಜಾಥಾ ಮಾಡಿದರು. ತಮಟೆ, ಹಾಡು, ಬೀದಿ ನಾಟಕ. ಕರಪತ್ರ ಹಂಚಿದ್ದರೆ ಅದರಲ್ಲಿ ಕಡಲೆಕಾಯಿ ಕಟ್ಟುತ್ತಿದ್ದರು.

ಆಮೇಲೆ ಬಾವಿಗಳೇ ಬತ್ತಿದವು. ನಿಮ್ಮ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. ತೆರೆದ ಬಾವಿ ಈಗ ಕಸದ ಗುಂಡಿ. ದನ ಮನೆಯಿಂದ ಹೊರಗೆ ಹೋಯಿತು. ಒಳ್ಳೆಯ ಮಾತ್ರೆ ಬಂತು, ಸೊಳ್ಳೆ ಪರದೆ ಬಂತು. ಮಲೇರಿಯಾ ಇಳಿದದ್ದಕ್ಕೆ ಬಹುಮಾನ ಯಾರಿಗೆ ಕೊಡಬೇಕು ಅಂತ ಕೇಳಿದರೆ, ಇಲಾಖೆಯಲ್ಲಿದ್ದ ನಾನು ಮೀನಿಗೆ, ಮಾತ್ರೆಗೆ ಅನ್ನಬೇಕು. ಆದರೆ ಬಾವಿ ಬತ್ತಿದ್ದಕ್ಕೂ ಅದರಲ್ಲಿ ಒಂದು ಪಾಲಿದೆ ಅಂತ ನನ್ನ ಅನಿಸಿಕೆ. ನೀರು ಹೋದದ್ದು ಕಷ್ಟವೇ. ಆ ಕಷ್ಟ ಸೊಳ್ಳೆಗೂ ಬಂತು.

ಈಗ ಹೊಸಬ. ಈಡಿಸ್ ಈಜಿಪ್ಟೈ. ಮೈ ಮೇಲೆ, ಕಾಲ ಮೇಲೆ ಬಿಳಿ ಪಟ್ಟೆ, ಅದಕ್ಕೇ ಜನ ಹುಲಿ ಸೊಳ್ಳೆ ಅನ್ನುತ್ತಾರೆ. ನಾನು ಓದುವಾಗ ಇದು ಪಟ್ಟಣದ ಸೊಳ್ಳೆ ಅಂತ ಪಾಠ ಮಾಡಿದ್ದರು. ಹಳ್ಳಿಗೆ ಬಂದದ್ದು ಹಾರಿಕೊಂಡಲ್ಲ. ಇದು ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದೇ ಅಪರೂಪ. ಬಂದದ್ದು ಮೊಟ್ಟೆಯ ರೂಪದಲ್ಲಿ. ಹಳೇ ಟೈರಿನಲ್ಲಿ, ಸೆಕೆಂಡ್‌ಹ್ಯಾಂಡ್ ಡ್ರಮ್ಮಿನಲ್ಲಿ, ಲಾರಿ ಹತ್ತಿ ಬಂತು. ಬಂದ ಕಡೆ ಉಳಿಯಲು ಅದಕ್ಕೆ ಬೇಕಾಗಿದ್ದದ್ದು ಒಂದೇ: ಮನೆ ಹತ್ತಿರ, ನೆರಳಲ್ಲಿ, ವಾರಗಟ್ಟಲೆ ಅಲುಗಾಡದ ಶುದ್ಧ ನೀರು.

ಅದನ್ನು ನಾವೇ ಜೋಡಿಸಿಕೊಟ್ಟೆವು. ಬಾವಿಯಿಂದ ದಿನಾ ಸೇದಿ ತರುವಾಗ ಬಿಂದಿಗೆ ದಿನಾ ಖಾಲಿಯಾಗುತ್ತಿತ್ತು. ನೀರು ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಬರಲು ಶುರುವಾದ ಮೇಲೆ ಪ್ರತಿ ಮನೆ ಮುಂದೆ ಸಿಮೆಂಟ್ ತೊಟ್ಟಿ ಎದ್ದಿತು, ನೀಲಿ ಡ್ರಮ್ಮು ಬಂತು, ಮೇಲೆ ಸಿಂಟೆಕ್ಸ್ ಕೂತಿತು. ಈಗ ಮನೆಗೇ ನಲ್ಲಿ ಬಂದಿದೆ. ಆದರೆ ನಲ್ಲಿಯಲ್ಲಿ ನೀರು ಯಾವಾಗ ಬರುತ್ತೆ ಅನ್ನುವ ನಂಬಿಕೆ ಬಂದಿಲ್ಲ. ಆದ್ದರಿಂದ ತೊಟ್ಟಿಯೂ ಇದೆ, ನಲ್ಲಿಯೂ ಇದೆ. ಕುಡಿಯುವ ನೀರು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ಬರುತ್ತದೆ. ಕುಡಿಯದ ನೀರಿನ ತೊಟ್ಟಿಯೊಳಗೆ ಯಾರೂ ಇಣುಕುವುದಿಲ್ಲ.

ಈ ಸೊಳ್ಳೆ ಹಳ್ಳಿಯಲ್ಲಿ ನೆಲೆ ನಿಂತಿದೆ ಅಂತ ಎಲ್ಲರಿಗೂ ಗೊತ್ತಾಗಿದ್ದು 2006ರ ಚಿಕೂನ್‌ಗುನ್ಯಾದಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೇಶದಲ್ಲಿ ಸದ್ದೇ ಮಾಡದೆ ಇದ್ದ ರೋಗ ಅದು. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ ಸುಮಾರು 7.5 ಲಕ್ಷ ಕರ್ನಾಟಕದ್ದೇ. ಕೋಲಾರ, ತುಮಕೂರು ಹಳ್ಳಿಗಳಲ್ಲಿ ಇಡೀ ಕೇರಿ ಬೆನ್ನು ಬಾಗಿಸಿ, ಗೋಡೆ ಹಿಡಿದು ನಡೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ಇನ್ನು 2023ರಲ್ಲಿ ನಿಮ್ಮ ತಾಲ್ಲೂಕಿನದೇ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತು. ಸುತ್ತಲಿನ ಜ್ವರ ಬಂದವರ ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಪುಣ್ಯ. ಅದನ್ನು ಹೊರುವುದೂ ಇದೇ ಜಾತಿ ಸೊಳ್ಳೆ.

ಹಗಲು ಕಚ್ಚುವುದು ಅದರ ಸ್ವಭಾವ. ಬೆಳಗ್ಗೆ ಬಿಸಿಲು ಏರುವ ಮೊದಲು, ಸಂಜೆ ಕತ್ತಲಾಗುವ ಮೊದಲು ಜೋರು. ಕಿವಿ ಹತ್ತಿರ ಗುಂಯ್ ಅನ್ನುತ್ತಾ ಸುಳಿಯುವುದು ಕಡಿಮೆ. ಹಿಂದಿನಿಂದ ಬಂದು ಪಾದಕ್ಕೆ, ಹಿಮ್ಮಡಿ ಮೇಲೆ ಕಚ್ಚುತ್ತದೆ. ಗೋಡೆ ಮೇಲೆ ಎದ್ದು ಕಾಣುವ ಹಾಗೆ ಕೂರುವುದು ಅಪರೂಪ. ಮಂಚದ ಕೆಳಗೆ, ನೇತುಹಾಕಿದ ಪ್ಯಾಂಟು ಸೀರೆಯ ಮಡಿಕೆಯಲ್ಲಿ, ಬೀರು ಹಿಂದೆ ಕೂರುತ್ತದೆ.

ಫಾಗಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊಗೆ ಗಾಡಿ ಬಂದಾಗ ನೀವೆಲ್ಲ ಏನು ಮಾಡುತ್ತೀರಿ? ಕಿಟಕಿ ಬಾಗಿಲು ಹಾಕುತ್ತೀರಿ. ಸೊಳ್ಳೆ ಒಳಗೆ ಮಂಚದ ಕೆಳಗೆ ಆರಾಮಾಗಿರುತ್ತೆ, ಹೊಗೆ ಬೀದಿಯಲ್ಲಿ ಹೋಗುತ್ತೆ. ಮೊಟ್ಟೆಗೂ ಮರಿಗೂ ಅದರಿಂದ ಏನೂ ಆಗಲ್ಲ. ಡೆಂಗಿ ಬಂದ ಮನೆಯೊಳಗೆ ಮತ್ತು ಅಕ್ಕಪಕ್ಕದ ಮನೆಗಳೊಳಗೆ ಔಷಧಿ ಸಿಂಪಡಿಸುವುದಕ್ಕೆ ಅರ್ಥ ಇದೆ. ಬೀದಿ ಹೊಗೆ ಮಾತ್ರ ಬಹುಪಾಲು ನಮ್ಮ ಸಮಾಧಾನಕ್ಕೆ.

ಈಗ ಮುಖ್ಯ ವಿಷಯ, ಮೊಟ್ಟೆ. ಕೆಲವು ವರ್ಷದ ಹಿಂದೆ, ಬೇಸಿಗೆಯಲ್ಲಿ, ಹೀಗೇ ಒಂದು ರೇಷ್ಮೆ ಮನೆಗೆ ಹೋಗಿದ್ದೆ. ತೊಟ್ಟಿ ಖಾಲಿ, ತಳದಲ್ಲಿ ಒಂದು ಗೇಣು ಒಣ ಕೆಸರು. ‘ನೀರೇ ಇಲ್ಲ, ಸೊಳ್ಳೆ ಎಲ್ಲಿಂದ ಬರುತ್ತೆ ಸಾರ್’ ಅಂತ ಮನೆಯಾಕೆ ನಕ್ಕರು. ತೊಟ್ಟಿಯ ಒಳಗೋಡೆಯಲ್ಲಿ ಹಿಂದೆ ನೀರು ನಿಂತಿದ್ದ ಮಟ್ಟಕ್ಕೆ ಒಂದು ಕಂದು ಗೆರೆ ಇತ್ತು. ಅದರ ಸ್ವಲ್ಪ ಮೇಲೆ, ಸಿಮೆಂಟಿನ ಒರಟು ಗುಳಿಗಳಲ್ಲಿ, ಇದ್ದಿಲು ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಗಸಗಸೆಗಿಂತ ಸಣ್ಣದು. ಉಗುರಲ್ಲಿ ಕೆರೆದು ಬಿಳಿ ಹಾಳೆ ಮೇಲೆ ಹಾಕಿದೆ. ಅವರ ಮಗಳು ಆರನೇ ಕ್ಲಾಸು, ಅವಳ ಕೈಗೆ ಒಂದು ಗಾಜಿನ ಲೋಟ ನೀರು ಕೊಟ್ಟು ‘ಇದನ್ನು ಇದರೊಳಗೆ ಹಾಕಿ ನಾಳೆ ಬೆಳಗ್ಗೆ ನೋಡು’ ಅಂದೆ. ಮರುದಿನ ಫೋನು ಬಂತು. ಲೋಟದಲ್ಲಿ ಕೂದಲಿನ ತುಂಡಿನಂಥವು ಕುಣಿಯುತ್ತಿವೆ ಅಂತ.

ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ. ತೊಟ್ಟಿ ಮತ್ತೆ ತುಂಬಿ ನೀರು ತಾಕಿದ ಕೂಡಲೇ ಒಡೆಯುತ್ತದೆ. ಬೇಸಿಗೆಯಲ್ಲಿ ಸೊಳ್ಳೆ ಇರಲಿಲ್ಲ, ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಡೆಂಗಿ ಹೇಗೆ ಬಂತು ಅಂತ ಜನ ಕೇಳುತ್ತಾರಲ್ಲ, ಬೀಜ ತೊಟ್ಟಿ ಗೋಡೆಯಲ್ಲೇ ಕಾಯುತ್ತಾ ಇತ್ತು.

ಆದ್ದರಿಂದ ನೀರು ಸುರಿದು ಬೋರಲು ಹಾಕಿದರೆ ಅರ್ಧ ಕೆಲಸ ಮಾತ್ರ. ತೆಂಗಿನ ನಾರು ತಗೊಂಡು, ಆ ಕಂದು ಗೆರೆಯ ಮೇಲಿನ ಒಂದು ಗೇಣು ಜಾಗವನ್ನು ಗಸಗಸ ಉಜ್ಜಬೇಕು. ಉಜ್ಜಿದ ನೀರನ್ನು ಒಣ ನೆಲಕ್ಕೆ ಚೆಲ್ಲಬೇಕು, ಮೋರಿಗಲ್ಲ. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಹೆಚ್ಚುಕಡಿಮೆ ಏಳರಿಂದ ಹತ್ತು ದಿನ. ವಾರಕ್ಕೊಂದು ದಿನ ಉಜ್ಜಿದರೆ ಸರಪಣಿ ಕಡಿಯುತ್ತದೆ. ಯಾವ ದಿನ ಅಂತ ಗೊತ್ತು ಮಾಡಿಕೊಳ್ಳಿ. ಮನೆ ತೊಳೆಯುವ ದಿನದ ಜೊತೆಗೇ ಸೇರಿಸಿಬಿಟ್ಟರೆ ಮರೆಯಲ್ಲ.

ತೊಟ್ಟಿಯೊಳಗೆ ಮರಿ ಇದೆಯಾ ಅಂತ ನೋಡಲು ಟಾರ್ಚ್ ಸಾಕು. ಬೆಳಕು ಬಿಟ್ಟ ತಕ್ಷಣ ಒದ್ದಾಡುತ್ತಾ ತಳಕ್ಕೆ ಇಳಿದರೆ ಅದೇ. ಒಂದೆರಡು ನಿಮಿಷ ಅಲುಗಾಡದೆ ನಿಂತು ನೋಡಿ, ಉಸಿರಿಗೆ ಮೇಲೆ ಬರಲೇಬೇಕು. ಬಾಲದ ತುದಿ ಮೇಲೆ, ತಲೆ ಕೆಳಗೆ ಜೋತುಬಿದ್ದರೆ ಈಡಿಸ್ ಅಥವಾ ಕೊಳಕು ನೀರಿನ ಸೊಳ್ಳೆ ಕ್ಯೂಲೆಕ್ಸ್. ಕಡ್ಡಿ ತೇಲಿದ ಹಾಗೆ ಮಟ್ಟಸವಾಗಿ ಮಲಗಿದ್ದರೆ ಅನಾಫಿಲಿಸ್. ಕೃಷಿ ಹೊಂಡ ಇದ್ದವರು ಅಲ್ಲಿ ಮಲಗುವ ಜಾತಿಯನ್ನು ಈಗಲೂ ನೋಡಬಹುದು. ಹೊಂಡಕ್ಕೆ ಗಪ್ಪಿ ಬಿಟ್ಟರೆ ಆಯಿತು. ಗಂಬೂಸಿಯಾ ಮಾತ್ರ ಕೆರೆಗೆ ಬಿಡಬೇಡಿ, ಅದು ಬೇರೆ ಮೀನಿನ ಮರಿ, ಗೊದಮೊಟ್ಟೆ ಎಲ್ಲಾ ತಿಂದು ಹಾಕುತ್ತೆ.

ಇನ್ನು ನಿಮ್ಮ ಹುಳು ಮನೆ. ಅದನ್ನು ನೋಡದೆಯೇ ಎರಡು ಮಾತು ಹೇಳಬಲ್ಲೆ. ಕಿಟಕಿಗೆ, ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ ಬರದಂತೆ ಜಾಲರಿ ಹಾಕಿದ್ದೀರಿ, ಅಲ್ವಾ? 1980ರಲ್ಲಿ ಆ ನೊಣ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂದಾಗಿನಿಂದ ಜಾಲರಿ ಇಲ್ಲದ ಹುಳು ಮನೆಯೇ ಇಲ್ಲ. ಆದರೆ ನೀವು ಮಲಗುವ ಕೋಣೆಯ ಕಿಟಕಿಗೆ? ಎಷ್ಟೋ ಮನೆಗಳಲ್ಲಿ ಹುಳಕ್ಕೆ ಇರುವ ಜಾಲರಿ ಮಕ್ಕಳಿಗೆ ಇರುವುದಿಲ್ಲ. ಅದೇ ನೈಲಾನ್ ಜಾಲರಿ ಇನ್ನೆರಡು ಮೀಟರ್ ತಂದರೆ ಸಾಕು, ಆದರೆ ಸಣ್ಣ ಕಣ್ಣಿನದು ನೋಡಿ ತನ್ನಿ. ಊಜಿ ದಪ್ಪ ನೊಣ, ಸೊಳ್ಳೆ ಸಪೂರ.

ಎರಡನೆಯದು, ಹುಳು ಸಾಕುವ ತಟ್ಟೆಗಳ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ಇಡುವ ನೀರಿನ ಬಟ್ಟಲು. ಚಾಕಿ ಹುಳ, ಅಂದರೆ ಎಳೆಯ ಹುಳ, ತಂದು ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಮೂರು ವಾರ ಅದನ್ನು ಯಾರೂ ಮುಟ್ಟುವುದಿಲ್ಲ. ಹುಳು ಮನೆಯ ಹದವಾದ ಶಾಖ, ತೇವ, ನೆರಳು, ನಿಂತ ನೀರು. ನಿಮ್ಮ ಒಂದು ಬೆಳೆ ಮುಗಿಯುವಷ್ಟರಲ್ಲಿ ಅಲ್ಲಿ ಸೊಳ್ಳೆಯ ಎರಡು ಬೆಳೆ ಮುಗಿದಿರುತ್ತೆ. ಸೊಳ್ಳೆ ಬತ್ತಿ ಹಚ್ಚಲ್ಲ, ಸ್ಪ್ರೇ ಹೊಡೆಯಲ್ಲ, ಇನ್ನೇನು ಬೇಕು ಅದಕ್ಕೆ? ಆ ಬಟ್ಟಲನ್ನು ವಾರಕ್ಕೊಮ್ಮೆ ಹೊರಗೆ ತಂದು ಉಜ್ಜಿ ಹೊಸ ನೀರು ಹಾಕಿ. ನನ್ನನ್ನು ಕೇಳಿದರೆ ನಿಮ್ಮ ಮನೆಯಲ್ಲಿ ಮೊದಲು ನೋಡಬೇಕಾದ ಜಾಗ ಇದು, ತೊಟ್ಟಿ ಎರಡನೆಯದು.

ಆಶಾ ಕಾರ್ಯಕರ್ತೆ ಲಾರ್ವಾ (ಸೊಳ್ಳೆ ಮರಿ) ಸರ್ವೆಗೆ ಬಂದಾಗ ತೊಟ್ಟಿಗೆ ಮರಿ ಕೊಲ್ಲುವ ಟೆಮಿಫಾಸ್ ಔಷಧಿ ಹಾಕಬಹುದು. ಹೇಳಿದ ಪ್ರಮಾಣದಲ್ಲಿ ಹಾಕಿದರೆ ಮನುಷ್ಯರಿಗೆ ಅಪಾಯ ಇಲ್ಲ. ಆದರೆ ಸೊಪ್ಪಿಗೆ ಚಿಮುಕಿಸುವ ನೀರು, ಹುಳು ಮನೆ ತೊಳೆಯುವ ನೀರು ಯಾವ ಡ್ರಮ್ಮಿನದೋ ಆ ಡ್ರಮ್ಮಿಗೆ ಬೇಡ ಅಂತ ಮೊದಲೇ ಹೇಳಿ. ಅದಕ್ಕೆ ಬಟ್ಟೆ ಕಟ್ಟಿ ಮುಚ್ಚಿ. ತೊಟ್ಟಿಗೆ ಐದಾರು ಜೋಡಿ ಗಪ್ಪಿ ಬಿಟ್ಟರೆ ಔಷಧಿಯೂ ಬೇಕಿಲ್ಲ. ತೊಟ್ಟಿ ಉಜ್ಜುವ ದಿನ ಮೀನನ್ನು ಒಂದು ಬಕೆಟ್ಟಿಗೆ ಎತ್ತಿಟ್ಟುಕೊಳ್ಳಿ, ಬ್ಲೀಚಿಂಗ್ ಪುಡಿ ಮಾತ್ರ ಹಾಕಬೇಡಿ. ಬಂದವರ ಮೇಲೆ ರೇಗಬೇಡಿ ಅಂತಲೂ ಸೇರಿಸುತ್ತೇನೆ. 2024ರ ಸೆಪ್ಟೆಂಬರ್‌ನಿಂದ ರಾಜ್ಯದಲ್ಲಿ ಡೆಂಗಿ ಸಾಂಕ್ರಾಮಿಕ ರೋಗದ ಪಟ್ಟಿಯಲ್ಲಿದೆ, ಸೊಳ್ಳೆ ಸಾಕಿದ ಹಳ್ಳಿ ಮನೆಗೆ 200 ರೂಪಾಯಿ ದಂಡ ಅಂತ ನಿಯಮವೂ ಬಂದಿದೆ. ದಂಡ ಹಾಕಿದ್ದನ್ನು ನಾನಂತೂ ಹಳ್ಳಿಯಲ್ಲಿ ನೋಡಿಲ್ಲ.

ರಾತ್ರಿಯೂ ಗುಂಯ್‌ಗುಡುವುದು ಇದ್ದರೆ ಅದು ಮೂರನೆಯ ಜಾತಿ, ಕ್ಯೂಲೆಕ್ಸ್. ಕೊಳಕು ನೀರಿನದು. ಮೋರಿ ಜೊತೆಗೆ ಈಗ ಅದಕ್ಕೆ ಹೊಸ ಮನೆ ಸಿಕ್ಕಿದೆ, ಶೌಚಾಲಯದ ಗುಂಡಿ. ಗಾಳಿ ಕೊಳವೆಯ ಮೂತಿ ತೆರೆದಿದ್ದರೆ ಸಂಜೆ ಅದರ ಬಾಯಿಂದ ಹೊಗೆ ಏಳುವ ಹಾಗೆ ಸೊಳ್ಳೆ ಏಳುತ್ತೆ. ಹಳೇ ಸೊಳ್ಳೆ ಪರದೆಯ ಒಂದು ತುಂಡು, ಒಂದು ರಬ್ಬರ್ ಬ್ಯಾಂಡು, ಇವತ್ತೇ ಕಟ್ಟಿ. ಆನೆಕಾಲು ರೋಗ ಹರಡುವ ಜಾತಿ ಇದು, ಆದರೆ ಆ ರೋಗ ನಮ್ಮ ರಾಜ್ಯದಲ್ಲಿ ಕಲಬುರಗಿ, ಬೀದರ್ ಕಡೆ ಮತ್ತು ಕರಾವಳಿಯದು. ನಿಮ್ಮ ಕಡೆ ಅದು ಬರೀ ನಿದ್ದೆ ಕೆಡಿಸುತ್ತೆ.

ಕ್ಯೂಲೆಕ್ಸ್‌ನ ದಾಯಾದಿಗಳು ಗದ್ದೆಯಲ್ಲಿ, ಕೆರೆಯಂಚಿನ ಜೊಂಡಿನಲ್ಲಿ ಹುಟ್ಟುತ್ತವೆ. ಅವು ಜೆಇ ಅನ್ನುವ ಮಿದುಳು ಜ್ವರ ತರುತ್ತವೆ. 1970ರ ದಶಕದ ಕೊನೆಯಲ್ಲಿ ಆಗಿನ ಕೋಲಾರ ಜಿಲ್ಲೆಯನ್ನು, ಅಂದರೆ ನಿಮ್ಮ ಚಿಕ್ಕಬಳ್ಳಾಪುರವೂ ಸೇರಿ, ಇದು ನಡುಗಿಸಿತ್ತು. ಹಂದಿ ಮತ್ತು ಬಕಪಕ್ಷಿಗಳಿಂದ ಸೊಳ್ಳೆಗೆ, ಸೊಳ್ಳೆಯಿಂದ ಮಕ್ಕಳಿಗೆ. ಕೆರೆ ಬತ್ತಿದ ವರ್ಷಗಳಲ್ಲಿ ಜನ ಇದನ್ನು ಮರೆತೇಬಿಟ್ಟರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. ವ್ಯಾಲಿ ನೀರು ನಿಮ್ಮ ಕಡೆ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದ್ದು ಸಂತೋಷವೇ. ಕೊಕ್ಕರೆ ಬಂತು, ಜೊಂಡೂ ಬಂತು. ಮನೆಯಲ್ಲಿ ಕೂಸಿದ್ದರೆ ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಜೆಇ ಲಸಿಕೆ ಇದೆ, ತಾಯಿ ಕಾರ್ಡಿನಲ್ಲಿ ಒಮ್ಮೆ ನೋಡಿ.

ಮಾಳಿಗೆ ಮನೆಯ ಜೊತೆ ಹೋದದ್ದು ಸೊಳ್ಳೆ ಒಂದೇ ಅಲ್ಲ. ಮಣ್ಣು ಗೋಡೆ ಬಿರುಕಿನ ಮರಳು ನೊಣಕ್ಕೆ ಟೈಲ್ಸಿನಲ್ಲಿ ಜಾಗ ಇಲ್ಲ. ಪ್ಲೇಗ್ ಹರಡುವ ಇಲಿ ಚಿಗಟವೂ ಕಡಿಮೆ. 1994ಕ್ಕೆ ಮೊದಲು ದೇಶದಲ್ಲಿ ಮನುಷ್ಯರಿಗೆ ಪ್ಲೇಗ್ ಬಂದ ಕೊನೆಯ ದಾಖಲೆ 1966ರದು, ಅದೂ ನಮ್ಮ ಮುಳಬಾಗಿಲಿನದು. ಇಲಿ ಸುಮ್ನೆ ಸತ್ತು ಬೀಳುತ್ತಿದ್ದರೆ ಈಗಲೂ ಕೈಯಲ್ಲಿ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ತಿಗಣೆ ಕಾಟ ಕೊಡುತ್ತೆ, ರೋಗ ತರಲ್ಲ. ಪೊದೆ, ಬದುಗಳಲ್ಲಿ ಹುಲ್ಲು ಕೊಯ್ದು ಬಂದವರಿಗೆ ವಾರ ಹತ್ತು ದಿನದ ಮೇಲೆ ಜ್ವರ ಬಂದು, ಕಂಕುಳಲ್ಲೋ ಸೊಂಟದ ಪಟ್ಟಿಯಲ್ಲೋ ಬೀಡಿ ಸುಟ್ಟಂಥ ಕಪ್ಪು ಗಾಯ ಕಂಡರೆ ಅದನ್ನು ಡಾಕ್ಟರಿಗೆ ತೋರಿಸಲೇಬೇಕು. ಅದು ಸ್ಕ್ರಬ್ ಟೈಫಸ್, ನುಸಿಯಂಥ ಸಣ್ಣ ಹುಳದಿಂದ ಬರುವುದು. ಬೇಗ ಹಿಡಿದರೆ ಅಗ್ಗದ ಮಾತ್ರೆಗೆ ಬಗ್ಗುತ್ತೆ, ಡೆಂಗಿ ಅಂದುಕೊಂಡು ಕೂತರೆ ಕಷ್ಟ.

ಡೆಂಗಿ ಒಮ್ಮೆ ಬಂದವರ ಬಗ್ಗೆ ಒಂದು ಮಾತು. ಅದರ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದರೆ ಇನ್ನೊಂದು ಬರಲ್ಲ ಅಂತಿಲ್ಲ, ಎರಡನೇ ಸಲ ಬೇರೆ ಬಗೆ ಬಂದರೆ ಜೋರಾಗುವ ಸಾಧ್ಯತೆ ಜಾಸ್ತಿ. ನಿಮ್ಮ ಮನೆಯ ಆ ಇಬ್ಬರಿಗೆ ಮತ್ತೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗಿಸಬೇಡಿ. ಜ್ವರ ಬಿಟ್ಟ ದಿನ ‘ವಾಸಿಯಾಯ್ತು’ ಅಂತ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾರೆ ನೋಡಿ, ಅಪಾಯದ ಹೊತ್ತು ಅದೇ. ಹೊಟ್ಟೆ ನೋವು, ಬಿಡದ ವಾಂತಿ, ವಸಡಲ್ಲಿ ರಕ್ತ ಕಂಡರೆ ಗಾಡಿ ಹತ್ತಿಸಿ.

ಕಡೆಗೆ ಕಲ್ಲು ಬಾನಿ. ಒಡೆಯಬೇಡಿ. ಹಸು ದಿನಾ ಕುಡಿದು, ನೀವು ದಿನಾ ತುಂಬುತ್ತಿದ್ದು, ವಾರಕ್ಕೊಮ್ಮೆ ಉಜ್ಜುತ್ತಿದ್ದರೆ ಅದರಲ್ಲಿ ಸೊಳ್ಳೆ ಹುಟ್ಟಲ್ಲ. ದನ ಶೆಡ್ಡಿಗೆ ಹೋದ ಮೇಲೆ ಅದು ಸುಮ್ನೆ ಹಿತ್ತಲಲ್ಲಿ ಬಿದ್ದಿದೆ ಅಂತಾದರೆ ಒಂದು ಉಳಿ, ಒಂದು ಸುತ್ತಿಗೆ ತಗೊಂಡು ತಳದಲ್ಲಿ ಬೆರಳು ತೂರುವಷ್ಟು ತೂತು ಹೊಡೆಸಿ. ಒಳಗೋಡೆ ಚೆನ್ನಾಗಿ ಉಜ್ಜಿ, ಮಣ್ಣು ತುಂಬಿ ಕರಿಬೇವೋ ದೊಡ್ಡಪತ್ರೆಯೋ ಹಾಕಿ. ಪಕ್ಕದಲ್ಲೇ ಒರಳುಕಲ್ಲೂ ಇರುತ್ತಲ್ಲ, ಅದನ್ನು ಬೋರಲು ಹಾಕಿ. ಭಾರ ಇದೆ, ಒಬ್ಬರೇ ಎತ್ತಬೇಡಿ.